ಕೋಣೆಯ ಲೋಟ ಯಾರ ಹೊಣೆ? ವಸತಿ ಹೋಟೆಲು ನಡೆಸುವವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ವಸತಿ ಹೋಟೆಲು, ಲಾಡ್ಜು, ರೆಸಾರ್ಟು ಮತ್ತು ಹೋಂಸ್ಟೇಗಳ ಮಾಲೀಕರು, ವ್ಯವಸ್ಥಾಪಕರು ಹಾಗೂ ಹೌಸ್‌ಕೀಪಿಂಗ್ ಮುಖ್ಯಸ್ಥರಿಗೆ,



ಹೋಟೆಲು ಕೋಣೆಯ ಮೇಜಿನ ಮೇಲೆ ಅತಿಥಿಗಾಗಿ ಇರಿಸುವ ತಟ್ಟೆಯಲ್ಲಿ ಸಾಮಾನ್ಯವಾಗಿ ಎರಡು ಬಾಟಲಿ ನೀರೂ ಎರಡು ಗಾಜಿನ ಲೋಟಗಳೂ ಇರುತ್ತವೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006 ‘ಆಹಾರ’ಕ್ಕೆ ಕೊಡುವ ವ್ಯಾಖ್ಯೆಯಲ್ಲಿ ಪ್ಯಾಕ್ ಮಾಡಿದ ಕುಡಿಯುವ ನೀರನ್ನು ಹೆಸರಿಸಿಯೇ ಸೇರಿಸಿರುವುದರಿಂದ ಆ ಬಾಟಲಿಯ ನೀರು ಕಾನೂನಿನ ಲೆಕ್ಕದಲ್ಲಿ ಆಹಾರವಾಗಿದ್ದು, ಅದನ್ನು ತುಂಬುವ ಕಾರ್ಖಾನೆಯಿಂದ ಮುಚ್ಚಳದ ಮೊಹರಿನವರೆಗೆ ಪ್ರತಿಯೊಂದಕ್ಕೂ ಮಾನದಂಡಗಳಿವೆ, ಆದರೆ ಅದೇ ನೀರು ಬಾಟಲಿಯಿಂದ ಲೋಟಕ್ಕಿಳಿದು ತುಟಿ ಮುಟ್ಟುವ ಕೊನೆಯ ಗೇಣುದ್ದದ ದಾರಿಯಲ್ಲಿ ಆ ಎಚ್ಚರವೆಲ್ಲ ಕೈಬಿಟ್ಟುಹೋಗುತ್ತದೆ. ಇದಕ್ಕೆ ಕಾರಣ ಯಾರ ದುರುದ್ದೇಶವೂ ಅಲ್ಲ, ಹೋಟೆಲಿನೊಳಗಿನ ಆಡಳಿತ ವಿಂಗಡಣೆ. ಕೆಳಗಿನ ರೆಸ್ಟೋರೆಂಟಿನ ಲೋಟ ಅಡುಗೆಮನೆ ವಿಭಾಗದ ಪಾತ್ರೆಯೆಂದೂ ಮೇಲಿನ ಕೋಣೆಯ ಲೋಟ ದಿಂಬು, ಕನ್ನಡಿ, ಕಸದ ಬುಟ್ಟಿಗಳ ಸಾಲಿಗೆ ಸೇರಿದ ಕೋಣೆಯ ಸಾಮಾನೆಂದೂ ಎಣಿಕೆಯಾಗುವುದರಿಂದ, ಒಂದೇ ಪೆಟ್ಟಿಗೆಯಿಂದ ಬಿಚ್ಚಿದ ಲೋಟಗಳಲ್ಲಿ ಕೆಳಗುಳಿದವು ಪಾತ್ರೆ ತೊಳೆಯುವ ಯಂತ್ರವನ್ನು ಸೇರಿದರೆ, ಲಿಫ್ಟು ಹತ್ತಿ ಹೋದವು ಬಚ್ಚಲಿನ ವಾಷ್‌ಬೇಸಿನ್ನನ್ನು ಸೇರುತ್ತವೆ. ಎಲ್ಲ ಹೋಟೆಲುಗಳೂ ಹೀಗಲ್ಲ, ಸರಿಯಾಗಿ ಮಾಡುವವರು ಇದ್ದಾರೆ. ಈ ಪತ್ರ ಉಳಿದವರಿಗೆ. ಇದರ ಕೋರಿಕೆ ಒಂದೇ: ಕೋಣೆಯಲ್ಲಿ ಬಳಸಿದ ಲೋಟವನ್ನು ಕೋಣೆಯಲ್ಲೇ ತೊಳೆಯುವ ಪದ್ಧತಿಯನ್ನು ಕೈಬಿಟ್ಟು, ಬಳಸಿದ ಚಾದರದ ಹಾಗೆ ಅದನ್ನೂ ಹೊರಗೆ ಕಳಿಸಿ, ಬೇರೆಡೆ ತೊಳೆದು ಬಂದ ಲೋಟವನ್ನು ಅದರ ಜಾಗದಲ್ಲಿಡಬೇಕು.

ಕೋಣೆಯೊಳಗಿನ ತೊಳೆತ ಹೇಗೆ ನಡೆಯುತ್ತದೆಂಬುದನ್ನು ಮಾಲೀಕರಲ್ಲಿ ಅನೇಕರು ನಿಂತು ನೋಡಿರಲಾರರು. ಸಿಬ್ಬಂದಿ ತಳ್ಳಿಕೊಂಡು ಬರುವ ಟ್ರಾಲಿಯಲ್ಲಿ ಚಾದರ, ದಿಂಬಿನ ಚೀಲ, ಟವೆಲು, ಸಾಬೂನುಗಳ ಜೊತೆಗೆ ಒಂದು ಪ್ಲಾಸ್ಟಿಕ್ ಬುಟ್ಟಿಯೂ ಇದ್ದು, ಅದರಲ್ಲಿ ಸ್ಪ್ರೇ ಬಾಟಲಿಗಳು ನಿಂತಿರುತ್ತವೆ. ಭಾರತದ ಹೋಟೆಲುಗಳಲ್ಲಿ ಇವನ್ನು ಸಂಖ್ಯೆಯಿಂದಲೇ ಕರೆಯುವುದು ರೂಢಿ: ಬಚ್ಚಲಿಗೆ ಆರ್-1, ಸಾಮಾನ್ಯ ಗಟ್ಟಿ ಮೇಲ್ಮೈಗಳಿಗೆ ಆರ್-2, ಗಾಜು ಮತ್ತು ಕನ್ನಡಿಗೆ ಆರ್-3, ಕಮೋಡಿಗೆ ಆರ್-6. ಬಾಯಿಗೆ ತಾಗುವ ಪಾತ್ರೆಗೆಂದೇ ತಯಾರಾದ ದ್ರಾವಣ ಆ ಬುಟ್ಟಿಯಲ್ಲಿ ಇರುವುದಿಲ್ಲ, ಟ್ರಾಲಿಯಲ್ಲಿ ಲೋಟಗಳನ್ನು ಜೋಡಿಸಿಡುವ ಗೂಡೂ ಇರುವುದಿಲ್ಲ. ಕಮೋಡಿಗೆ ದ್ರಾವಣ ಸುರಿದು ನೆನೆಯಲು ಬಿಟ್ಟು, ಹಾಸಿಗೆ ಬಿಚ್ಚಿ ಹೊಸ ಚಾದರ ಹಾಸಿ, ಮತ್ತೆ ಬಚ್ಚಲಿಗೆ ಬಂದವರು ಹಿಂದಿನ ಅತಿಥಿ ಹಲ್ಲುಜ್ಜಿ ಉಗಿದ ಬೇಸಿನ್ನಿನಲ್ಲಿಯೇ ಲೋಟವನ್ನು ನಲ್ಲಿಯ ಕೆಳಗೆ ಹಿಡಿಯುತ್ತಾರೆ. ಲಿಪ್‌ಸ್ಟಿಕ್ಕಿನ ಗುರುತು ಮೇಣ ಮತ್ತು ಎಣ್ಣೆಯಿಂದಾದದ್ದರಿಂದ ಬರೀ ನೀರಿಗೆ ಜಗ್ಗದಿದ್ದಾಗ, ಬೇಸಿನ್ ಉಜ್ಜಿದ ಸ್ಪಂಜು ಎದುರಿಗೇ ಇರುತ್ತದೆ, ಗಾಜಿಗೆಂದೇ ಹೆಸರು ಹೊತ್ತ ಆರ್-3 ಬಾಟಲಿ ಕೈಗೆಟುಕುವಂತಿರುತ್ತದೆ. ಕೊನೆಗೆ ಒರೆಸಲು ಹೇಗೂ ಲಾಂಡ್ರಿಗೆ ಹೋಗಲಿರುವ, ಅತಿಥಿ ಬಳಸಿ ಬಿಸಾಡಿದ ಟವೆಲು ಸಿಗುತ್ತದೆ. ನೀರು ಹೀರಲು ಅದಕ್ಕಿಂತ ಅನುಕೂಲವಾದ ಬಟ್ಟೆ ಆ ಕೋಣೆಯಲ್ಲಿ ಬೇರೊಂದಿಲ್ಲ. ಇಲ್ಲಿನ ಪ್ರತಿ ಹೆಜ್ಜೆಯೂ ಕೈಗೆ ಸಿಕ್ಕ ಸಾಮಾನಿನಿಂದ ನಿರ್ಧಾರವಾಗುತ್ತದೆಯೆಂಬುದನ್ನು ಗಮನಿಸಬೇಕು, ಏಕೆಂದರೆ ಲೋಟ ತೊಳೆಯುವ ಸಾಧನವನ್ನೇ ಕೊಡದೆ ಲೋಟ ತೊಳೆಯಲು ಹೇಳಿದವರಿಗೆ ತೊಳೆದವರನ್ನು ದೂರುವ ಹಕ್ಕು ಉಳಿಯುವುದಿಲ್ಲ.

ಇದು ಊಹೆಯ ಚಿತ್ರವಲ್ಲ. 2007ರಲ್ಲಿ ಅಮೆರಿಕದ ಅಟ್ಲಾಂಟಾ ನಗರದ ಟಿವಿ ವಾಹಿನಿಯೊಂದು ಹೋಟೆಲು ಕೋಣೆಗಳಲ್ಲಿ ಗುಪ್ತ ಕ್ಯಾಮೆರಾ ಇರಿಸಿ ಇಂಥದೇ ದೃಶ್ಯಗಳನ್ನು ಬಿತ್ತರಿಸಿತು. ಇನ್ನೂ ದೊಡ್ಡ ಗದ್ದಲವೆಬ್ಬಿಸಿದ್ದು 2018ರ ನವೆಂಬರಿನಲ್ಲಿ ಚೀನಾದಲ್ಲಿ ಹೊರಬಂದ ಸುಮಾರು 11 ನಿಮಿಷಗಳ ವಿಡಿಯೊ. ವರ್ಷಗಟ್ಟಲೆ ಹೋಟೆಲುಗಳಲ್ಲೇ ವಾಸವಾಗಿದ್ದ ಬ್ಲಾಗರ್ ಒಬ್ಬರು ಬೀಜಿಂಗ್, ಶಾಂಘೈ ಮೊದಲಾದೆಡೆಯ 14 ಐಷಾರಾಮಿ ಹೋಟೆಲುಗಳಲ್ಲಿ ಚಿತ್ರಿಸಿದ ಆ ವಿಡಿಯೊದಲ್ಲಿ, ಕೊಳೆಯಾದ ಸ್ಪಂಜು ಮತ್ತು ಬಳಸಿದ ಟವೆಲುಗಳಿಂದ ಲೋಟ, ಕಪ್ಪುಗಳನ್ನು ಒರೆಸುವುದು ಒಂದಾದ ಮೇಲೊಂದರಂತೆ ಕಾಣುತ್ತದೆ. ಚೀನಾದ ಸಂಸ್ಕೃತಿ ಮತ್ತು ಪ್ರವಾಸೋದ್ಯಮ ಸಚಿವಾಲಯ ಆಯಾ ಪ್ರಾಂತ್ಯಗಳಿಗೆ ತನಿಖೆಯ ಸೂಚನೆ ಕೊಟ್ಟಿತು, ಹೋಟೆಲುಗಳು ಕ್ಷಮೆ ಕೇಳಿದವು. ಇತ್ತ ಆ ಬ್ಲಾಗರ್‌ನ ಪಾಸ್‌ಪೋರ್ಟ್ ವಿವರ ಹೋಟೆಲು ನೌಕರರ ನಡುವೆ ಹರಿದಾಡಿತು. ಲೋಟದ ಗುಟ್ಟು ಬಯಲಾದರೆ ಅತಿಥಿಯ ಗುಟ್ಟನ್ನು ಬಯಲಿಗೆಳೆಯುವ ಈ ಪ್ರತಿಕ್ರಿಯೆ ಕೊಳೆ ಲೋಟಕ್ಕಿಂತ ಹೆಚ್ಚು ಅಸಹ್ಯವೆನಿಸಿದರೆ ಆಶ್ಚರ್ಯವಿಲ್ಲ. ಆ ಪ್ರಕರಣದಿಂದ ಕರ್ನಾಟಕದ ಹೋಟೆಲು ಉದ್ಯಮಕ್ಕೆ ಮುಖ್ಯವಾದ ಸಂಗತಿಯೆಂದರೆ, ಕೋಣೆಯ ಬಾಡಿಗೆ ಏರಿದ ಮಾತ್ರಕ್ಕೆ ಲೋಟ ಶುದ್ಧವಾಗುವುದಿಲ್ಲ ಎಂಬುದು: ಅಮೃತಶಿಲೆ ಹೊದಿಸಿದ ಬೇಸಿನ್ನಾದರೂ ಅದು ಮುಖ ತೊಳೆಯುವ ಬೇಸಿನ್ನೇ.

ಅಪಾಯ ಎಷ್ಟು ಎಂಬುದನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳಬೇಕು. ಆರೋಗ್ಯವಂತನೊಬ್ಬ ಇಂಥ ಲೋಟದಲ್ಲಿ ನೀರು ಕುಡಿದು ಏನೂ ಆಗದೆ ಮನೆಗೆ ಹೋಗುವ ಸಂಭವವೇ ಹೆಚ್ಚು. ಆದರೂ ಬಚ್ಚಲಿನ ಸ್ಪಂಜು ಮತ್ತು ಬಳಸಿದ ಟವೆಲಿನ ಮೂಲಕ ಸಾಗಬಲ್ಲ ಸೋಂಕುಗಳಲ್ಲಿ ಎರಡನ್ನು ಹೆಸರಿಸಲೇಬೇಕು. ಒಂದು, ವಾಂತಿ-ಭೇದಿ ತರುವ ನೊರೊವೈರಸ್. 1968ರಲ್ಲಿ ಅಮೆರಿಕದ ನಾರ್‌ವಾಕ್ ಪಟ್ಟಣದ ಶಾಲೆಯೊಂದರಲ್ಲಿ ಕಾಯಿಲೆ ಹಬ್ಬಿದ್ದರಿಂದ ಅದಕ್ಕೆ ಆ ಹೆಸರು ಬಂದಿದ್ದು, ಅದರ ಕೆಲವೇ ಕಣಗಳು ಒಬ್ಬರನ್ನು ಮಲಗಿಸಲು ಸಾಕಾಗುತ್ತವೆ, ಆಲ್ಕೋಹಾಲ್ ಬೆರೆಸಿದ ದ್ರಾವಣಗಳಿಗೆ ಅದು ಸುಲಭವಾಗಿ ಬಗ್ಗುವುದಿಲ್ಲ. ಇನ್ನೊಂದು, ಕಾಮಾಲೆ ತರುವ ಹೆಪಟೈಟಿಸ್ ಎ ವೈರಾಣು. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಿಸಿಕೊಳ್ಳುವವರೆಗಿನ ಅವಧಿಯನ್ನು ವೈದ್ಯರು ಕಾವು ಅವಧಿ ಎನ್ನುತ್ತಾರೆ; ನೊರೊವೈರಸ್‌ಗೆ ಅದು 12ರಿಂದ 48 ಗಂಟೆ, ಹೆಪಟೈಟಿಸ್ ಎಗೆ 15ರಿಂದ 50 ದಿನ. ಅಂದರೆ ಕಾಯಿಲೆ ಎದ್ದೇಳುವ ಹೊತ್ತಿಗೆ ಅತಿಥಿ ಕೋಣೆ ಖಾಲಿ ಮಾಡಿ ತನ್ನೂರು ಸೇರಿರುತ್ತಾನೆ, ದಾರಿಯಲ್ಲಿ ತಿಂದ ಮಂಡಕ್ಕಿಯನ್ನೋ ಮದುವೆಮನೆಯ ಊಟವನ್ನೋ ದೂರುತ್ತಾನೆ, ಲೋಟದ ನೆನಪೂ ಅವನಿಗಿರುವುದಿಲ್ಲ. ‘ಇಷ್ಟು ವರ್ಷದಲ್ಲಿ ಒಂದು ದೂರೂ ಬಂದಿಲ್ಲ’ ಎಂದು ವ್ಯವಸ್ಥಾಪಕರು ಹೇಳುವ ಮಾತು ನಿಜವಿರಬಹುದು, ಆದರೆ ಈ ಕಾಯಿಲೆಗಳ ಸ್ವಭಾವವೇ ದೂರು ಬರದಂಥದ್ದಾದ್ದರಿಂದ ಆ ಮಾತು ಯಾವುದನ್ನೂ ಸಾಬೀತುಮಾಡುವುದಿಲ್ಲ. ಹೂಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಮಂಡಿಸಿದ ಅಧ್ಯಯನ ಕೇವಲ 9 ಕೋಣೆಗಳದ್ದಾದರೂ, ಟಿವಿ ರಿಮೋಟು, ದೀಪದ ಸ್ವಿಚ್ಚುಗಳ ಜೊತೆಗೆ ಟ್ರಾಲಿಯ ಸ್ಪಂಜು ಮತ್ತು ನೆಲ ಒರೆಸುವ ಮಾಪುಗಳಲ್ಲಿಯೂ ಬ್ಯಾಕ್ಟೀರಿಯಾ ಪ್ರಮಾಣ ಹೆಚ್ಚಿದ್ದುದನ್ನು ಗುರುತಿಸಿತು; ಒಂದು ಕೋಣೆಯ ಕೊಳೆ ಮುಂದಿನ ಕೋಣೆಗೆ ಹೋಗುವ ವಾಹನ ಯಾವುದೆಂಬುದಕ್ಕೆ ಇಷ್ಟು ಸಾಕು.

ಲೋಟವನ್ನು ಬಟ್ಟೆಯಿಂದ ಒರೆಸುವ ಅಭ್ಯಾಸಕ್ಕೆ ಹೆಚ್ಚು ಚರ್ಚೆಗೆ ಬಾರದ ಒಂದು ಕಾರಣವಿದೆ, ಅದು ಹೊಳಪಿನ ಕಾರಣ. ಬೆಂಗಳೂರಿನ ಬಹುಪಾಲು ಬಡಾವಣೆಗಳ ಮತ್ತು ಬಯಲುಸೀಮೆಯ ಊರುಗಳ ಕೊಳವೆಬಾವಿ ನೀರು ಗಡಸು. ಗಡಸು ನೀರೆಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಾಗಿ ಕರಗಿರುವ ನೀರು. ಅಂಥ ನೀರಿನಲ್ಲಿ ತೊಳೆದ ಲೋಟವನ್ನು ತಾನಾಗಿ ಒಣಗಲು ಬಿಟ್ಟರೆ ನೀರು ಆವಿಯಾಗಿ ಲವಣ ಉಳಿದು ಗಾಜಿನ ಮೇಲೆ ಬಿಳಿಯ ಚುಕ್ಕೆಗಳು ಮೂಡುತ್ತವೆ. ಆ ಚುಕ್ಕೆಗಳಿಂದ ಯಾರಿಗೂ ಕಾಯಿಲೆ ಬರುವುದಿಲ್ಲ, ಆದರೆ ಅತಿಥಿ ದೂರು ಕೊಡುವುದು ಅವನ್ನು ಕಂಡೇ. ಕೋಣೆ ತಪಾಸಣೆಗೆ ಬರುವ ಮೇಲ್ವಿಚಾರಕರು ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವುದೂ ಚುಕ್ಕೆಗಾಗಿಯೇ. ಹೀಗೆ ಬಟ್ಟೆಯಲ್ಲಿ ಒರೆಸಿ ಮಿರುಗಿಸಿದ ಲೋಟ ತಪಾಸಣೆಯಲ್ಲಿ ಪಾಸಾಗುತ್ತದೆ, ಒರೆಸದೆ ಗಾಳಿಗೆ ಒಣಗಿದ ಶುದ್ಧ ಲೋಟ ಫೇಲಾಗುತ್ತದೆ. ಸಿಬ್ಬಂದಿ ಪ್ರತಿದಿನ ಕಲಿಯುವುದು ಈ ಪಾಠವನ್ನು. ತೊಳೆಯುವ ಯಂತ್ರಕ್ಕೆ ನೀರು ಮೆದುಗೊಳಿಸುವ ಸಾಧನವನ್ನು ಜೋಡಿಸಿ, ಕೊನೆಯ ಜಾಲಾಡುವಿಕೆಯಲ್ಲಿ ನೀರು ಹನಿಗಟ್ಟದೆ ಹಾಳೆಯಂತೆ ಜಾರಿಹೋಗುವಂತೆ ಮಾಡುವ ‘ರಿನ್ಸ್ ಏಯ್ಡ್’ ದ್ರಾವಣವನ್ನು ಬಳಸಿದರೆ ಚುಕ್ಕೆಯೂ ಬೀಳುವುದಿಲ್ಲ, ಬಟ್ಟೆಯ ಅಗತ್ಯವೂ ಬೀಳುವುದಿಲ್ಲ. ತಪಾಸಣೆಯ ಪಟ್ಟಿಯಲ್ಲಿ ‘ಲೋಟ ಹೊಳೆಯುತ್ತಿದೆಯೆ’ ಎಂಬ ಪ್ರಶ್ನೆಯ ಜಾಗದಲ್ಲಿ ‘ಲೋಟ ಎಲ್ಲಿಂದ ಬಂತು’ ಎಂಬ ಪ್ರಶ್ನೆ ಇರಬೇಕಾದದ್ದು ಇದಕ್ಕಾಗಿ.

ಹೊಳಪಿನ ಜೊತೆಗೆ ಗಡಿಯಾರವೂ ಸೇರಿಕೊಳ್ಳುತ್ತದೆ. ಎಂಟು ಗಂಟೆಯ ಪಾಳಿಯಲ್ಲಿ ಒಬ್ಬರ ಪಾಲಿಗೆ 14 ಕೋಣೆಗಳು ಬೀಳುವುದು ಈ ವೃತ್ತಿಯಲ್ಲಿ ಅಪರೂಪವೇನಲ್ಲ. ಊಟ, ಟ್ರಾಲಿ ಜೋಡಣೆ, ಲಿಫ್ಟಿಗೆ ಕಾಯುವ ಹೊತ್ತು ಎಂದು ಒಂದು ಗಂಟೆ ಕಳೆದರೆ ಉಳಿಯುವುದು 420 ನಿಮಿಷ, ಅಂದರೆ ಕೋಣೆಗೆ 30 ನಿಮಿಷ. ಅಷ್ಟರಲ್ಲಿ ಹಾಸಿಗೆ, ಬಚ್ಚಲು, ಧೂಳು, ನೆಲ, ಕಸ, ಕೆಟಲು, ಟವೆಲು ಎಲ್ಲವೂ ಮುಗಿಯಬೇಕು. ಎರಡು ನೀರಿನ ಲೋಟ, ಎರಡು ಚಹಾ ಕಪ್ಪು, ಬಚ್ಚಲಿನ ಎರಡು ಲೋಟಗಳನ್ನು ಸೋಪಿನಲ್ಲಿ ತೊಳೆದು, ಜಾಲಾಡಿ, ಸೋಂಕುನಿವಾರಕದಲ್ಲಿ ಅದ್ದಿ, ತಾನಾಗಿ ಒಣಗಲು ಬಿಡುವುದು ಈ ಲೆಕ್ಕದೊಳಗೆ ಹಿಡಿಸುವುದೇ ಇಲ್ಲ. ಕೆಲಸ ಹೊರಗುತ್ತಿಗೆಯಲ್ಲಿದ್ದು ಕೂಲಿ ಕೋಣೆಯ ಎಣಿಕೆಯ ಮೇಲಿದ್ದರಂತೂ, ಸರಿಯಾಗಿ ತೊಳೆದವರಿಗೆ ಅದೇ ದಂಡವಾಗುತ್ತದೆ.

ಸರಿಯಾದ ತೊಳೆತವೆಂದರೇನು ಎಂಬುದರಲ್ಲಿ ಗೊಂದಲವೇನಿಲ್ಲ. ಶುಚಿಗೊಳಿಸುವುದು ಮತ್ತು ಸೋಂಕು ನಿವಾರಿಸುವುದು ಎರಡು ಬೇರೆ ಕೆಲಸಗಳು: ಮೊದಲನೆಯದು ಕಣ್ಣಿಗೆ ಕಾಣುವ ಜಿಡ್ಡು, ಕೊಳೆಗಳನ್ನು ಮಾರ್ಜಕದಿಂದ ಬಿಡಿಸುವುದು, ಎರಡನೆಯದು ಆಮೇಲೂ ಉಳಿಯುವ ಸೂಕ್ಷ್ಮಾಣುಗಳನ್ನು ಶಾಖದಿಂದ ಅಥವಾ ರಾಸಾಯನಿಕದಿಂದ ನಿರಪಾಯದ ಮಟ್ಟಕ್ಕೆ ಇಳಿಸುವುದು, ಜಿಡ್ಡು ಹೋಗದ ಮೇಲ್ಮೈಯಲ್ಲಿ ಸೋಂಕುನಿವಾರಕ ಕೆಲಸ ಮಾಡದಿರುವುದರಿಂದ ಇವುಗಳ ಕ್ರಮವನ್ನು ಅದಲು ಬದಲು ಮಾಡುವಂತಿಲ್ಲ. ಅಮೆರಿಕದ ಆಹಾರ ಸಂಹಿತೆಯ ಪ್ರಕಾರ, ಕೈಯಿಂದ ತೊಳೆಯುವಲ್ಲಿ ಮೂರು ತೊಟ್ಟಿಗಳಿರಬೇಕು. ಸುಮಾರು 43 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನ ಸೋಪು ನೀರಿನಲ್ಲಿ ತೊಳೆದು, ಶುದ್ಧ ನೀರಿನಲ್ಲಿ ಜಾಲಾಡಿ, ಬಳಿಕ 77 ಡಿಗ್ರಿಯ ನೀರಿನಲ್ಲಿ 30 ಸೆಕೆಂಡು ಅಥವಾ ನಿಗದಿತ ಸಾಂದ್ರತೆಯ ಕ್ಲೋರಿನ್ ದ್ರಾವಣದಲ್ಲಿ ಮುಳುಗಿಸಬೇಕು. ಶಾಖದಿಂದ ಸೋಂಕು ನಿವಾರಿಸುವ ಯಂತ್ರವಾದರೆ ಪಾತ್ರೆಯ ಮೇಲ್ಮೈ 71 ಡಿಗ್ರಿ ಮುಟ್ಟಬೇಕು. ಆಮೇಲೆ ಗಾಳಿಗೆ ಒಣಗಬೇಕೇ ಹೊರತು ಬಟ್ಟೆ ಸೋಕಬಾರದು. ಕೋಣೆಯ ಬಿಸಿನೀರಿನ ನಲ್ಲಿಯಿಂದ 77 ಡಿಗ್ರಿಯ ನೀರು ಬಂದರೆ ಸ್ನಾನಕ್ಕೆ ನಿಂತವರ ಚರ್ಮ ಸುಟ್ಟುಹೋಗುತ್ತದೆ, ಆದ್ದರಿಂದ ಅದು ಬರುವಂತೆಯೂ ಇಲ್ಲ. ಕೋಣೆಯಲ್ಲಿ ಲೋಟ ತೊಳೆಯುವುದು ಕಷ್ಟವೆಂಬುದಕ್ಕಿಂತ, ಅಲ್ಲಿ ಅದು ಸಾಧ್ಯವೇ ಇಲ್ಲವೆನ್ನುವುದು ಹೆಚ್ಚು ಸರಿ.

ಒಬ್ಬರ ಬಾಯಿಗೆ ತಾಗಿದ ಪಾತ್ರೆ ಇನ್ನೊಬ್ಬರಿಗೆ ಸಲ್ಲದೆಂಬ ತಿಳಿವಳಿಕೆಯನ್ನು ಕನ್ನಡ ನಾಡಿಗೆ ಹೊರಗಿನಿಂದ ತರಬೇಕಾಗಿಲ್ಲ. ಅಮೆರಿಕದ ಕಾನ್ಸಸ್ ರಾಜ್ಯ ರೈಲು ಮತ್ತು ಸಾರ್ವಜನಿಕ ಸ್ಥಳಗಳಲ್ಲಿ ಎಲ್ಲರೂ ಒಂದೇ ಬಟ್ಟಲಿನಿಂದ ಕುಡಿಯುವುದನ್ನು ನಿಷೇಧಿಸಿದ್ದು 1909ರಲ್ಲಿ. ಇಲ್ಲಿ ಚೊಂಬನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವುದು ಅದಕ್ಕೂ ಎಷ್ಟೋ ಹಿಂದಿನ ಅಭ್ಯಾಸ. ಎಂಜಲಿನ ಕಲ್ಪನೆಗೆ ಜಾತಿಯ ಮಡಿಯೂ ಅಂಟಿಕೊಂಡು ಅದು ಎಷ್ಟೋ ಜನರನ್ನು ನೋಯಿಸಿದೆಯೆಂಬುದು ಬೇರೆಯೇ ಮಾತು, ಅದನ್ನು ಮರೆತು ಇಲ್ಲಿ ಹೆಮ್ಮೆಪಡುವಂತಿಲ್ಲ. ಹೋಟೆಲು ಉದ್ಯಮದೊಳಗಿನ ಉದಾಹರಣೆಯೇ ಬೇಕೆಂದರೆ ಬೆಂಗಳೂರಿನ ಲಾಲ್‌ಬಾಗ್ ರಸ್ತೆಯತ್ತ ನೋಡಬಹುದು. 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸ್ ಅನ್ನು ಬೆಳೆಸಿದ ಯಜ್ಞನಾರಾಯಣ ಮಯ್ಯ ಅವರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ರೆಸ್ಟೋರೆಂಟುಗಳ ಶಿಸ್ತು, ಶುಚಿತ್ವಗಳನ್ನು ಕಂಡು ಬಂದು, ಲೋಟ, ತಟ್ಟೆ, ಚಮಚಗಳನ್ನು ಹಬೆಯಲ್ಲಿ ಸೋಂಕುರಹಿತಗೊಳಿಸುವ ಏರ್ಪಾಟು ಮಾಡಿದರು. ಕಾಫಿ ಕುಡಿದು ಎದ್ದುಹೋಗುವ ಗಿರಾಕಿಯ ಲೋಟಕ್ಕೆ ಏಳು ದಶಕಗಳ ಹಿಂದೆ ಸಿಕ್ಕ ಆ ಮರ್ಯಾದೆ, ರಾತ್ರಿಗೆ ಸಾವಿರಾರು ರೂಪಾಯಿ ತೆತ್ತು ಮಲಗುವ ಅತಿಥಿಯ ಲೋಟಕ್ಕೆ ಇಂದಿಗೂ ಸಿಗದಿರುವುದಕ್ಕೆ ಉದ್ಯಮ ಏನು ಸಮಜಾಯಿಷಿ ಕೊಡಬಲ್ಲದು?

ಖರ್ಚಿನ ಆಕ್ಷೇಪಕ್ಕೆ ಖರ್ಚಿನ ಲೆಕ್ಕದಲ್ಲೇ ಉತ್ತರಿಸಬಹುದು. ಚಾದರ, ಟವೆಲುಗಳ ವಿಷಯದಲ್ಲಿ ಹೋಟೆಲುಗಳು ‘ಪಾರ್’ ಎಂಬ ಪದ್ಧತಿಯನ್ನು ಪಾಲಿಸುತ್ತವೆ; ಎಲ್ಲ ಕೋಣೆಗಳನ್ನೂ ಒಮ್ಮೆ ಸಜ್ಜುಗೊಳಿಸಲು ಬೇಕಾಗುವ ಪ್ರಮಾಣ ಒಂದು ಪಾರ್ ಆಗಿದ್ದು, ಕೋಣೆಯಲ್ಲಿ ಒಂದು, ಲಾಂಡ್ರಿಯಲ್ಲಿ ಒಂದು, ಉಗ್ರಾಣದಲ್ಲಿ ಒಂದು ಎಂದು ಕನಿಷ್ಠ ಮೂರು ಪಾರ್ ಇಟ್ಟುಕೊಳ್ಳುವುದು ವಾಡಿಕೆ. ಚಾದರವನ್ನು ಕೋಣೆಯ ಬಕೆಟಿನಲ್ಲಿ ಒಗೆದು ಅಲ್ಲೇ ಹಾಸಬೇಕೆಂದು ಯಾವ ಮಾಲೀಕರೂ ಹೇಳುವುದಿಲ್ಲ. ಲೋಟಕ್ಕೂ ಇದೇ ನಿಯಮವಾದರೆ, 100 ಕೋಣೆಯ ಹೋಟೆಲಿನಲ್ಲಿ ಕೋಣೆಗೆ ಎರಡು ನೀರಿನ ಲೋಟದಂತೆ 200 ಲೋಟ ಒಂದು ಪಾರ್, ಮೂರು ಪಾರ್‌ಗೆ 600. ಹೊಸದಾಗಿ ಕೊಳ್ಳಬೇಕಾದದ್ದು 400. ಲೋಟವೊಂದಕ್ಕೆ 60 ರೂಪಾಯಿ ಎಂದಿಟ್ಟುಕೊಂಡರೂ ಒಟ್ಟು 24,000 ರೂಪಾಯಿ. ತೊಳೆಯುವ ಯಂತ್ರದ ರೂಢಿಯ ಚೌಕಾಕಾರದ ರ್‍ಯಾಕಿನಲ್ಲಿ 25 ಮನೆಗಳಿರುವುದನ್ನು ಆರಿಸಿಕೊಂಡರೆ 200 ಲೋಟಕ್ಕೆ 8 ರ್‍ಯಾಕು ಸಾಕು. ಒಂದು ಸುತ್ತಿಗೆ ಎರಡು ಮೂರು ನಿಮಿಷವೆಂದರೆ ಬೆಳಗಿನ ಉಪಾಹಾರದ ನೂಕುನುಗ್ಗಲು ಮುಗಿದ ಮೇಲಿನ ಅರ್ಧ ಗಂಟೆಯೊಳಗೆ ಕೆಲಸ ತೀರುತ್ತದೆ, ಮತ್ತು ಆ ಹೊತ್ತಿಗೆ ಯಂತ್ರ ಹೇಗೂ ಖಾಲಿ ನಿಂತಿರುತ್ತದೆ. ಕೊಳೆ ಲೋಟಕ್ಕೊಂದು, ತೊಳೆದ ಲೋಟಕ್ಕೊಂದು, ಬಣ್ಣ ಬೇರೆಯಾದ ಎರಡು ರ್‍ಯಾಕುಗಳನ್ನು ಟ್ರಾಲಿಯಲ್ಲಿ ಬೇರೆ ಬೇರೆ ಮಟ್ಟದಲ್ಲಿ ಇಟ್ಟು, ಸರ್ವಿಸ್ ಲಿಫ್ಟಿನಲ್ಲಿ ಇಳಿಸಿ ಹತ್ತಿಸುವವರು ಯಾರೆಂಬುದನ್ನು ಹೌಸ್‌ಕೀಪಿಂಗ್ ಮತ್ತು ಅಡುಗೆಮನೆ ಮುಖ್ಯಸ್ಥರು ಒಟ್ಟಿಗೆ ಕುಳಿತು ಬರೆದಿಡಬೇಕು. ನಿಜವಾದ ಅಡ್ಡಿ ಹಣದ್ದಲ್ಲ, ಈ ಎರಡು ವಿಭಾಗಗಳ ನಡುವಿನ ಗೋಡೆಯದು.

ಬಿಸಾಡುವ ಲೋಟದ ಮೊರೆ ಹೋಗುವವರಿಗೂ ದಾರಿ ಸಲೀಸಾಗಿಲ್ಲ. ಪ್ಲಾಸ್ಟಿಕ್ ಲೋಟಕ್ಕೆ ಕರ್ನಾಟಕದಲ್ಲಿ 2016ರಿಂದಲೂ ದೇಶದಾದ್ಯಂತ 2022ರ ಜುಲೈ 1ರಿಂದಲೂ ನಿಷೇಧವಿದೆ. ಕಾಗದದ ಲೋಟದ ಒಳಗೂ ತೆಳುವಾದ ಪ್ಲಾಸ್ಟಿಕ್ ಪದರವಿದ್ದು, ಅದರಲ್ಲಿ 15 ನಿಮಿಷ ಬಿಸಿ ದ್ರವ ನಿಂತರೆ 100 ಮಿಲಿಲೀಟರಿಗೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಸೇರಬಹುದೆಂದು ಖರಗ್‌ಪುರದ ಐಐಟಿ ಸಂಶೋಧಕರು ತೋರಿಸಿದ್ದಾರೆ. ಇನ್ನು ಗಾಜಿನ ಲೋಟಕ್ಕೆ ತೊಡಿಸುವ ಕಾಗದದ ಟೋಪಿ. ಅದರ ಮೇಲೆ ಅಚ್ಚಾದ ಶುದ್ಧತೆಯ ಭರವಸೆ ಸಾಬೀತುಪಡಿಸುವುದು ಯಾರೋ ಒಬ್ಬರು ಟೋಪಿ ತೊಡಿಸಿದರೆಂಬುದನ್ನು ಮಾತ್ರ. ಟೋಪಿಗಳ ಕಟ್ಟು ಟ್ರಾಲಿಯಲ್ಲಿರುವವರೆಗೆ ಅದು, ನುಡಿಗಟ್ಟಿನ ಅರ್ಥದಲ್ಲಿಯೂ, ಅತಿಥಿಗೆ ಹಾಕುವ ಟೋಪಿಯೇ. ತೊಳೆಯುವ ಜಾಗದಲ್ಲಿ, ಯಂತ್ರದಿಂದ ಹೊರಬಂದು ಒಣಗಿದ ಮೇಲೆ ತೊಡಿಸಿದರೆ ಮಾತ್ರ ಅದಕ್ಕೆ ಬೆಲೆ.

ನಿಗಾ ಇಡಲು ಎಟಿಪಿ ಮಾಪಕವೆಂಬ ಕೈಹಿಡಿ ಸಾಧನವಿದೆ. ಎಟಿಪಿ ಎಂಬುದು ಎಲ್ಲ ಜೀವಕೋಶಗಳಲ್ಲೂ ಇರುವ ಶಕ್ತಿವಾಹಕ ಅಣು. ಲೋಟದ ಅಂಚಿಗೆ ಹತ್ತಿಯ ಕಡ್ಡಿಯನ್ನು ಸವರಿ, ಮಿಣುಕುಹುಳುವಿಗೆ ಬೆಳಕು ಕೊಡುವ ಕಿಣ್ವದ ಜೊತೆ ಸೇರಿಸಿದಾಗ ಉಳಿದ ಎಂಜಲಿನ ಪ್ರಮಾಣಕ್ಕೆ ತಕ್ಕಂತೆ ಬೆಳಕು ಹೊಮ್ಮಿ, ಕೆಲವೇ ಸೆಕೆಂಡುಗಳಲ್ಲಿ ಅಂಕಿ ಮೂಡುತ್ತದೆ. ಅದು ವೈರಾಣುವನ್ನು ಗುರುತಿಸದು, ಆದರೆ ಲೋಟಕ್ಕೆ ಸೋಪು ತಗುಲಿದೆಯೋ ಬರೀ ಟವೆಲು ತಗುಲಿದೆಯೋ ಎಂಬುದನ್ನು ಬಯಲುಮಾಡುತ್ತದೆ. ಈ ಅಂಕಿಯನ್ನು ಸಿಬ್ಬಂದಿಯ ಸಂಬಳ ಕಡಿತಕ್ಕೆ ಬಳಸಿದ ದಿನವೇ ಅದರ ಉಪಯೋಗ ಮುಗಿಯುತ್ತದೆ. ಆಮೇಲೆ ತಪಾಸಣೆಯ ಲೋಟವೊಂದು, ಅತಿಥಿಯ ಲೋಟವೊಂದು ಎಂದು ಬೇರೆ ಬೇರೆಯಾಗುವುದು ಖಂಡಿತ.

ಯಂತ್ರವಿಲ್ಲದ ಹತ್ತು ಕೋಣೆಯ ಲಾಡ್ಜುಗಳಿಗೆ, ಮಲೆನಾಡು ಮತ್ತು ಕೊಡಗಿನ ಹೋಂಸ್ಟೇಗಳಿಗೆ ಇದು ಇನ್ನೂ ಸುಲಭ. ಅಡುಗೆಮನೆಯಲ್ಲಿ ಮೂರು ಪಾತ್ರೆಗಳು, ಒಂದು ಒಲೆ, ಒಂದು ಒಣಗಿಸುವ ಜಾಲರಿ ಸಾಕು. ಅಲ್ಲಿ ಗಾಜಿನ ಹಂಗೂ ಬೇಕಿಲ್ಲ. ಕುದಿಯುವ ನೀರಿಗೆ ಗಾಜು ಸೀಳಬಹುದು, ಸ್ಟೀಲ್ ಲೋಟ ಸೀಳುವುದಿಲ್ಲ, ಒಡೆಯುವುದೂ ಇಲ್ಲ. ಕೋಣೆಯಲ್ಲಿ ಸ್ಟೀಲ್ ಲೋಟವಿದ್ದರೆ ದರ್ಜೆ ಇಳಿದಂತೆ ಎಂಬ ಭಾವನೆ ಮಾಲೀಕರದ್ದೇ ಹೊರತು ಅತಿಥಿಯದ್ದಲ್ಲ.

ಮುಹೂರ್ತದ ತಿಂಗಳುಗಳಲ್ಲಿ ಇಡೀ ಹೋಟೆಲು ಒಂದೇ ಬೆಳಗ್ಗೆ ಖಾಲಿಯಾಗಿ ಅದೇ ಮಧ್ಯಾಹ್ನ ತುಂಬುವಾಗ, ಪಾರ್ ಎಷ್ಟಿದ್ದರೂ ತೊಳೆದ ಲೋಟ ಸಕಾಲಕ್ಕೆ ಮೇಲೆ ಬಾರದ ದಿನಗಳು ಇದ್ದೇ ಇರುತ್ತವೆ. ಅಂಥ ದಿನ ಕೋಣೆಯ ಲೋಟವನ್ನು ಬೇಸಿನ್ನಿನಲ್ಲಿ ಅದ್ದಿ ಒರೆಸಿಡುವ ಬದಲು ತಟ್ಟೆಯಲ್ಲಿ ನೀರಿನ ಬಾಟಲಿಯನ್ನಷ್ಟೇ ಇಟ್ಟು, ಲೋಟ ಬೇಕಾದವರು ರಿಸೆಪ್ಷನ್‌ಗೆ ಫೋನು ಮಾಡಿದರೆ ಅಡುಗೆಮನೆಯಿಂದ ಬರುತ್ತದೆಂದು ಒಂದು ಚೀಟಿ ಬರೆದಿಡಲು ಸಿಬ್ಬಂದಿಗೆ ಲಿಖಿತ ಅನುಮತಿ ಇರಬೇಕು; ಹಾಗೆ ಲೋಟವಿಲ್ಲದ ಕೋಣೆಯನ್ನು ತಪಾಸಣೆಯಲ್ಲಿ ಲೋಪವೆಂದು ಬರೆಯಕೂಡದೆಂಬ ಸೂಚನೆ ಮೇಲ್ವಿಚಾರಕರಿಗೂ ಹೋಗಬೇಕು.

ಇತಿ,
ವಸತಿ ಹೋಟೆಲುಗಳಲ್ಲಿ ತಂಗುವವರ ಪರವಾಗಿ